‘ಹ್ಞೂಂ’ ಅಂದ್ರೆ ಒಪ್ಪಿಗೆ ಆಯ್ತಾ? ಸುರಪುರದ ಇತಿಹಾಸ ಏನ್ ಹೇಳುತ್ತೆ

ಇವತ್ತಿನ ಕಥೆ ಸುರಪುರದ ದೊರೆಗಳದ್ದು. ಆದರೆ ಶುರು ಮಾಡೋದು ಶಹಾಪುರದ ಒಂದು ಮನೆಯಿಂದ.

ಹೋದ ವರ್ಷ ಸಂಬಂಧಿಕರ ಮನೆಯಲ್ಲಿ ಹುಡುಗಿ ನೋಡೋ ಕಾರ್ಯಕ್ರಮ. ಇಪ್ಪತ್ತು ಮಂದಿ ಮುಂದೆ ತಂಗಿ ಕೂತಿದ್ದಳು. “ಏನವ್ವಾ, ಒಪ್ಪಿಗಿ ಅದ ಇಲ್ಲ?” ಅಂತ ಹಿರಿಯರು ಕೇಳಿದರು. ತಲೆ ಬಗ್ಗಿಸಿ “ಹ್ಞೂಂ” ಅಂದಳು. ಸಕ್ಕರೆ ಹಂಚಿದರು, ನಾನೂ ತಿಂದೆ. ಮೂರು ದಿನ ಆದ ಮೇಲೆ ಫೋನ್ ಬಂತು: “ಅಣ್ಣಾ, ಅಷ್ಟು ಮಂದಿ ಮುಂದ ಒಲ್ಲೆ ಅಂತ ಹ್ಯಾಂಗ ಅನ್ಲಿ?”

ನಾನು ಬಿಕಾಂ ಓದಿದವನು. 1872ರ ಕರಾರು ಕಾಯ್ದೆಯನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಇಬ್ಬರೂ ಒಂದೇ ವಿಷಯವನ್ನ ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ, ಅನ್ನುತ್ತೆ 13ನೇ ಕಲಂ. ಬಲವಂತ, ಅನುಚಿತ ಪ್ರಭಾವ, ಮೋಸ ಇವುಗಳಿಂದ ಬಂದ ಸಮ್ಮತಿ ಮುಕ್ತ ಸಮ್ಮತಿ ಅಲ್ಲ, ಅನ್ನುತ್ತೆ 14ನೇ ಕಲಂ. ಹೊಲ ಮಾರೋಕೆ ಇಷ್ಟು ಕೇಳ್ತೀವಿ, ಮದುವೆಗೆ ಒಂದು “ಹ್ಞೂಂ” ಸಾಕು ಅಂತೀವಿ.

ಈಗ ಸುರಪುರಕ್ಕೆ ಬರೋಣ. 1705ರ ಫೆಬ್ರವರಿ. 86 ವರ್ಷದ ಔರಂಗಜೇಬ ದೊಡ್ಡ ಸೈನ್ಯದ ಜೊತೆ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವನು ಬೇಡ ದೊರೆ ಪಿಡ್ಡನಾಯಕ. ಮಧ್ಯದಲ್ಲಿ ಆತ ಶರಣಾಗ್ತೀನಿ ಅಂತ ಸಂಧಾನ ಶುರು ಮಾಡಿದ, ತನ್ನ ಸಹೋದರನನ್ನೇ ಬಾದಶಹನ ಡೇರೆಗೆ ಕಳಿಸಿದ. ಬಾದಶಹ ನಂಬಿದ. ನಾಯಕನಿಗೆ ಬೇಕಾಗಿದ್ದದ್ದು ಟೈಮ್ ಮಾತ್ರ. ಅಷ್ಟರಲ್ಲಿ ಮರಾಠಾ ಸೈನ್ಯ ನೆರವಿಗೆ ಬಂತು, ಯುದ್ಧ ಮತ್ತೆ ಶುರುವಾಯ್ತು. ಏಪ್ರಿಲ್ ಕೊನೆಗೆ ಕೋಟೆ ಸಿಕ್ಕಾಗ ಒಳಗೆ ನಾಯಕ ಇರಲಿಲ್ಲ. ಇದು ಔರಂಗಜೇಬನ ಕೊನೆಯ ಮುತ್ತಿಗೆ. ತೋಪಿನ ಮುಂದೆ ಸಿಕ್ಕ “ಆಯ್ತು” ಎಷ್ಟು ಗಟ್ಟಿ ಅಂತ ಆತನಿಗೆ ಆಗ ಗೊತ್ತಾಗಿರಬೇಕು.

ಎರಡನೇ ಕಥೆ. 1842ರಲ್ಲಿ ರಾಜಾ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಚಿಕ್ಕವನು. ಕಂಪನಿಯ ಪರವಾಗಿ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಬೋನಾಳ ಕೆರೆ ಅಭಿವೃದ್ಧಿ ಮಾಡಿಸಿದ, ಒಳ್ಳೇ ಕೆಲಸ ಬಹಳ ಮಾಡಿದ. ಹುಡುಗ ಅವನನ್ನ “ಅಪ್ಪಾ” ಅಂತಿದ್ದ. ಆದರೂ 1853ರವರೆಗೆ ಸಂಸ್ಥಾನದ ಹೌದು, ಅಲ್ಲ ಎಲ್ಲಾ ಬೇರೆಯವರ ಬಾಯಿಂದಲೇ ಬಂತು.

1858ರ ಫೆಬ್ರವರಿಯಲ್ಲಿ ವೆಂಕಟಪ್ಪನಾಯಕ ಕಂಪನಿ ಸೈನ್ಯದ ವಿರುದ್ಧ ನಿಂತ. ಸೋತ ಮೇಲೆ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಸೆರೆಯಲ್ಲಿ ಅವನನ್ನ ಕಂಡವನು ಅದೇ ಟೇಲರ್. ದಂಗೆಗೆ ಹಚ್ಚಿಕೊಟ್ಟವರ ಹೆಸರು ಬೇಕಾಗಿತ್ತು. ತಂದೆ ಅಂತ ಕರೆದವನ ಮುಂದೆಯೂ ಆತ ಹೆಸರು ಹೇಳಲು ಒಪ್ಪಲಿಲ್ಲ, ಪ್ರಾಣಭಿಕ್ಷೆಯನ್ನೂ ಕೇಳಲಿಲ್ಲ. ಇದನ್ನ ಟೇಲರ್ ತನ್ನ ಆತ್ಮಕಥೆಯಲ್ಲೇ ಬರೆದಿದ್ದಾನೆ. ಗಲ್ಲುಶಿಕ್ಷೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆ ಅಂತಾಯ್ತು. ಮದ್ರಾಸ್ ಕಡೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ಸತ್ತ.

ತೋಪಿಗೆ ಹೆದರಿದವನೂ ಹೌದು ಅಂತಾನೆ, ಪ್ರೀತಿಗೆ ಕಟ್ಟುಬಿದ್ದವನೂ ಹೌದು ಅಂತಾನೆ. ಎರಡನೇದನ್ನ ನಾವು ಬಲವಂತ ಅಂತ ಗುರುತಿಸೋದೇ ಇಲ್ಲ. ನನ್ನ ತಂಗಿಯ ಮುಂದೆ ತೋಪು ಇರಲಿಲ್ರಿ. ಅಪ್ಪ, ಅವ್ವ, ಸೋದರಮಾವ, ತಟ್ಟೆ ತುಂಬ ಸಕ್ಕರೆ ಇತ್ತು. ಒಲ್ಲೆ ಅನ್ನೋಕೆ ಆಕೆ ವೆಂಕಟಪ್ಪನಾಯಕನಷ್ಟು ಗಟ್ಟಿ ಇರಬೇಕಾ? ಅಷ್ಟು ಧೈರ್ಯ ಬೇಡೋ ಜಾಗದಲ್ಲಿ ಕೇಳಿದ್ದು ನಮ್ಮ ತಪ್ಪು.

ಮನೆಯವರ ಹತ್ತಿರ ಮಾತಾಡಿದೆ, ಬೈಸಿಕೊಂಡೆ. ಆಮೇಲೆ ಅವರವ್ವ ಆಕೆ ಒಬ್ಬಳನ್ನೇ ಕೂಡಿಸಿಕೊಂಡು, “ಒಲ್ಲೆ ಅಂದ್ರೂ ನಡೀತದವ್ವಾ, ಹೇಳು” ಅಂದರು. ಒಲ್ಲೆ ಅಂದಳು. ಸಂಬಂಧ ಮುರೀತು, ಮಂದಿ ಎರಡು ವಾರ ಆಡಿಕೊಂಡು ಸುಮ್ಮನಾದರು.

ನಿಮ್ಮ ಮನೆಯಲ್ಲೂ ಇಂಥದ್ದು ಬಂದರೆ, ಸಕ್ಕರೆ ತರೋ ಮೊದಲು ಒಮ್ಮೆ ಒಂಟಿಯಾಗಿ ಕೂತು ಕೇಳ್ರಿ.