ಲ್ಯಾಂಡ್ ರೋವರ್: ಅಲ್ಯೂಮಿನಿಯಂ ಮೈ, ಉಕ್ಕಿನ ಚಾಸಿ

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿತ್ತು. ಅಲ್ಯೂಮಿನಿಯಂ ಸುಲಭವಾಗಿ ಸಿಗುತ್ತಿತ್ತು. ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್, ತಮ್ಮ ಜಮೀನಿನಲ್ಲಿ ಬಳಸುತ್ತಿದ್ದ ಅಮೆರಿಕದ ವಿಲ್ಲಿಸ್ ಜೀಪನ್ನು ಮಾದರಿಯಾಗಿಟ್ಟುಕೊಂಡು ಹೊಸ ವಾಹನ ರೂಪಿಸಿದರು. 1948ರ ಏಪ್ರಿಲ್‌ನಲ್ಲಿ, ಆಮ್‌ಸ್ಟರ್‌ಡಾಂ ವಾಹನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಹೊರಬಂತು.

ಹೊರಮೈ ಅಲ್ಯೂಮಿನಿಯಂ ಮಿಶ್ರಲೋಹದ್ದಾದರೂ ಚಾಸಿ ಮತ್ತು ಎಂಜಿನ್ ಹಿಂದಿನ ಅಡ್ಡಗೋಡೆ ಉಕ್ಕಿನವು. ಚಾಸಿಯ ಟೊಳ್ಳಿನಲ್ಲಿ ಕೆಸರು ತುಂಬಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಎರಡು ಲೋಹಗಳು ತಾಗುವಲ್ಲಿ ತೇವ ನಿಂತರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಹೆಚ್ಚಿನ ಭಾಗಗಳನ್ನು ಬೋಲ್ಟ್ ಹಾಕಿ ಜೋಡಿಸಿರುವುದರಿಂದ ಮನೆಯಂಗಳದಲ್ಲೇ ಬಿಚ್ಚಬಹುದು. ತುಕ್ಕು ತಿಂದ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವುದು, ಇಲ್ಲವೇ ಸತುವಿನ ಲೇಪವಿರುವ ಹೊಸ ಚಾಸಿಯ ಮೇಲೆ ಹಳೆಯ ಮೈ ಕೂರಿಸುವುದು ದುರಸ್ತಿಯ ರೂಢಿಯ ದಾರಿಗಳು.