ಗೊಂಬೆಮೆಟ್ಟಿಲಿನ ಸಿಪಾಯಿಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕನ್ನಡದ ಮನೆಗೆ ಗೊಂಬೆಹಬ್ಬ, ತೆಲುಗಿನ ಮನೆಗೆ ಬೊಮ್ಮಲ ಕೊಲುವು; ಹೆಸರು ಎರಡಾದರೂ ಸಂಭ್ರಮವೊಂದೇ. ಮೇಲಣ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ನಡುವೆ ದೇವತೆಗಳು, ಕೆಳಗೆ ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ, ಜಂಬೂಸವಾರಿ. ಆ ಸವಾರಿಯ ಹಿಂದುಮುಂದೆ ಗೇಣುದ್ದವೂ ಇಲ್ಲದ ಸಿಪಾಯಿಗಳೂ ರಾವುತರೂ ಸಾಲುಗಟ್ಟಿ ನಿಲ್ಲುವರು.

ಈ ಪುಟ್ಟ ದಂಡು ಒಂದೇ ವರ್ಷದಲ್ಲಿ ಕೂಡಿದುದಲ್ಲ. ತಾಯಿಯಿಂದ ಮಗಳಿಗೆ ಬಂದುದು, ವರುಷಕ್ಕೊಂದೆರಡರಂತೆ ಬೆಳೆದುದು. ಚನ್ನಪಟ್ಟಣದ ಕುಶಲರು ಆಲೆಮರದ ತುಂಡು ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗನ್ನು ಒತ್ತುವರು. ಉಜ್ಜಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಆ ಬಣ್ಣ ಬಹುಕಾಲ ಬಾಳುವುದು. ಮಣ್ಣಿನ ಗೊಂಬೆಯ ಬಣ್ಣ ಅಷ್ಟು ಗಟ್ಟಿಯಲ್ಲ. ಹಬ್ಬಕ್ಕೆ ಮುನ್ನ ಮನೆಯವರೇ ಕುಂಚ ಹಿಡಿದು, ಮಾಸಿದ ಅಂಗಿಗೆ ಹೊಸ ಬಣ್ಣ ಬಳಿಯುವುದುಂಟು. ಹೀಗೆ ಸಿಪಾಯಿಯು ಉಳಿಯುವನು. ಆದರೆ ಆತನು ಯಾವ ದಂಡಿನವನೆಂಬುದು ಮರೆತುಹೋಗುವುದು.

ಈ ನಾಲ್ಕು ತಾಲ್ಲೂಕುಗಳೂ ಸೇರಿದ್ದ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಶ್ವದಳವಿದ್ದಿತು. ಮೈಸೂರು ಲ್ಯಾನ್ಸರ್ಸ್ ಎಂಬ ಆ ದಳವು 1914ರಲ್ಲಿ ಮಹಾಯುದ್ಧಕ್ಕೆ ಹೊರಟು, ಸೂಯೆಜ್ ಕಾಲುವೆಯನ್ನು ಕಾಯ್ದು, ಮುಂದೆ ಪ್ಯಾಲೆಸ್ಟೈನಿಗೆ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ತುರ್ಕರ ಫಿರಂಗಿಗಳು ದಾರಿಗಟ್ಟಿದ್ದುವು. ಮೈಸೂರಿನ ಸವಾರರ ಒಂದು ತುಕಡಿಯು ಕಾರ್ಮೆಲ್ ಬೆಟ್ಟವನ್ನೇರಿ ಮೇಲಣ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದ ಸವಾರರು ಊರೊಳಕ್ಕೆ ನುಗ್ಗಿದರು. ಬಂದೂಕು ಫಿರಂಗಿಗಳೆದುರು ಭರ್ಜಿ ಹಿಡಿದ ಕುದುರೆಯ ದಂಡು ಗೆದ್ದಿತು. ಇದಾಗಿ ಸುಮಾರು ಎರಡು ವಾರಕ್ಕೆ ಆ ವರುಷದ ನವರಾತ್ರಿ ಬಂದಿತು. ಇಲ್ಲಿ ಗೊಂಬೆಯ ರಾವುತರನ್ನು ಪೆಟ್ಟಿಗೆಯಿಂದ ತೆಗೆದು ನಿಲ್ಲಿಸುತ್ತಿದ್ದಾಗ, ನಿಜವಾದ ರಾವುತರು ಕಡಲಾಚೆ ಇನ್ನೂ ಜೀನಿನ ಮೇಲೆಯೇ ಇದ್ದರು.

ಜೋಧಪುರ, ಹೈದರಾಬಾದು, ಮೈಸೂರು, ಈ ಮೂರು ಸಂಸ್ಥಾನಗಳ ಯೋಧರ ನೆನಪಿಗೆ 1922ರಲ್ಲಿ ದೆಹಲಿಯಲ್ಲಿ ಮೂರು ಕಂಚಿನ ಪ್ರತಿಮೆಗಳು ನಿಂತುವು. ತೀನ್ ಮೂರ್ತಿ ಎಂಬ ಹೆಸರನ್ನು ಅರಿಯದವರು ವಿರಳ. ಆ ಮೂವರಲ್ಲಿ ಒಬ್ಬನು ಮೈಸೂರಿನವನೆಂದು ಬಲ್ಲವರೂ ವಿರಳ. 1953ರಲ್ಲಿ ಈ ದಳವು ಭಾರತದ ಸೈನ್ಯದ ಹೊಸ ಅಶ್ವದಳದಲ್ಲಿ ಲೀನವಾಯಿತು.

ಆ ಯುದ್ಧವು ಪರರ ಸಾಮ್ರಾಜ್ಯಕ್ಕಾಗಿ ನಡೆದುದೆಂಬುದನ್ನು ಮರೆಮಾಡಬೇಕಾಗಿಲ್ಲ. ಮಡಿದವರು ಮಾತ್ರ ನಾಡಿನ ಮಕ್ಕಳು. ಮಾಸಿದ ರಾವುತನಿಗೆ ಬಣ್ಣ ಬಳಿಯುವ ಕೈ, ಪಕ್ಕದಲ್ಲಿ ಕುಳಿತ ಮಗುವಿಗೆ ಆತನ ದಂಡಿನ ಹೆಸರನ್ನೂ ಹೇಳಿದರೆ, ಗೊಂಬೆಯೊಡನೆ ನೆನಪೂ ಮುಂದಿನ ವರುಷಕ್ಕೆ ಉಳಿದೀತು.