ಸುರಪುರ: 1858ಕ್ಕೂ ಹಿಂದಿನ ಊರು

ಔರಂಗಜೇಬ್ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಪಕ್ಕದ ವಾಗಿನಗೇರಾ ಕೋಟೆಯದು. 1705ರ ಫೆಬ್ರವರಿಯಲ್ಲಿ ಶುರುವಾದದ್ದು ಏಪ್ರಿಲ್ ಕೊನೆಯವರೆಗೂ ಎಳೆಯಿತು. ಎದುರಿಗಿದ್ದವನು ಪಿಡ್ಡನಾಯಕ. ಬಂದೂಕು ಹಿಡಿದರೆ ಗುರಿ ತಪ್ಪದ ಬೇಡರೇ ಅವನ ಬಲ. ಧನಾಜಿ ಜಾಧವನ ಮರಾಠಾ ಪಡೆಯೂ ನೆರವಿಗೆ ಬಂದಿತ್ತು. ಕೊನೆಗೆ ಕೋಟೆಯೇನೋ ಮೊಗಲರ ಕೈಸೇರಿತು, ನಾಯಕ ಮಾತ್ರ ಸಿಗಲಿಲ್ಲ. ಮುದಿ ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಅಲ್ಲೇ ಹಾಸಿಗೆ ಹಿಡಿದ. ತಿಂಗಳುಗಟ್ಟಲೆ ಅಲ್ಲಿ ನರಳಿ ಉತ್ತರಕ್ಕೆ ಹೊರಟವನು ದೆಹಲಿ ಮುಟ್ಟಲಿಲ್ಲ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ವಾಗಿನಗೇರಾ ಹೋದ ಮೇಲೆ ಗೋಸಲ ವಂಶದ ನಾಯಕರು ಬಂಡೆಗುಡ್ಡಗಳ ನಡುವೆ ಕಟ್ಟಿಕೊಂಡ ಹೊಸ ರಾಜಧಾನಿಯೇ ಸುರಪುರ.

ಸುರಪುರ ಅಂದೊಡನೆ ಎಲ್ಲರಿಗೂ ನೆನಪಾಗುವುದು ನಾಲ್ವಡಿ ರಾಜಾ ವೆಂಕಟಪ್ಪ ನಾಯಕ, ಮತ್ತು 1858. ಆಗಲೇಬೇಕು. ಆದರೆ ಆ ಒಂದು ವರ್ಷದ ಬೆಳಕಿನಲ್ಲಿ ಈ ನೆಲದ ಉಳಿದ ಕಥೆಯೆಲ್ಲ ಮಂಕಾಗಿಬಿಟ್ಟಿದೆ ಎಂಬುದು ನನ್ನ ಕೊರಗು.

ವೆಂಕಟಪ್ಪ ನಾಯಕ ಇನ್ನೂ ಹುಡುಗನಾಗಿದ್ದಾಗ, 1841ರಲ್ಲಿ, ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಮೆಡೋಸ್ ಟೇಲರ್. ಲಿವರ್‌ಪೂಲ್‌ನಲ್ಲಿ ಹುಟ್ಟಿ ನಿಜಾಮರ ಸೈನ್ಯ ಸೇರಿದ್ದವನು. ಠಕ್ಕರ ಮೇಲಿನ ಕಾದಂಬರಿಯಿಂದ ಆಗಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಹುಡುಗನ ತಾಯಿ ರಾಣಿ ಈಶ್ವರಮ್ಮನಿಗೂ ಅವನಿಗೂ ಜಗಳ ತಪ್ಪಲಿಲ್ಲ. ಹುಡುಗ ದೊರೆ ಮಾತ್ರ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲೆ ಟೇಲರ್ ಕಟ್ಟಿಸಿಕೊಂಡ ಬಂಗಲೆ ಇಂದಿಗೂ ಟೇಲರ್ ಮಂಜಿಲ್. ಅಲ್ಲಿ ನಿಂತರೆ ಇಡೀ ಪೇಟೆ, ಸುತ್ತಲ ಗುಡ್ಡಸಾಲು ಕಣ್ಣಿಗೆ ಬೀಳುತ್ತವೆ. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ಆಡಳಿತ ಒಪ್ಪಿಸಿ ಟೇಲರ್ ಹೊರಟುಹೋದ. ಐದೇ ವರ್ಷಕ್ಕೆ, 1858ರ ಫೆಬ್ರವರಿಯಲ್ಲಿ, ದೊರೆ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಇಂಗ್ಲಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಕಾಳಗದಲ್ಲೇ ಸತ್ತ. ಇಂಗ್ಲಿಷರ ದಂಡು ಮತ್ತಷ್ಟು ಬಂದು ಸೇರಿದಾಗ ದೊರೆ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡ ಎಂದು ಬರೆದಿಟ್ಟರು ಇಂಗ್ಲಿಷರು; ಸುರಪುರದಲ್ಲಿ ಅದನ್ನು ನಂಬದವರು ಬಹಳ. ಇಪ್ಪತ್ತನಾಲ್ಕರ ಪ್ರಾಯ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ದೊರೆತನ ಹೋದರೂ ಊರು ತನ್ನದೆಲ್ಲವನ್ನೂ ಬಿಟ್ಟುಕೊಡಲಿಲ್ಲ. ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಗುಡಿಯ ಮುಂದೆ ನೆಟ್ಟ ಎತ್ತರದ ಕಂಬಗಳನ್ನು ಹುಡುಗರು ಈಗಲೂ ಹತ್ತುತ್ತಾರೆ, ಜಾರುತ್ತಾರೆ, ಮತ್ತೆ ಹತ್ತುತ್ತಾರೆ. ಗರುಡಾದ್ರಿ ಮನೆತನದ ಚಿತ್ರಗಾರರು ಬಂಗಾರದ ಬಣ್ಣ ಹಚ್ಚಿ ಬರೆದ ದೇವರ ಪಟಗಳಿಂದ ಸುರಪುರ ಶೈಲಿ ಎಂಬುದೊಂದು ಉಳಿಯಿತು. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ವಚನಕಾರ ದೇವರ ದಾಸಿಮಯ್ಯನ ಮುದನೂರೂ ಇಲ್ಲೇ.

ಟೇಲರ್‌ಗೆ ನಾವು ಇನ್ನೊಂದು ಕಾರಣಕ್ಕೆ ಋಣಿಗಳು. ಸುರಪುರ, ಶಹಾಪುರ ಸೇರಿದ ಈ ಸಗರನಾಡಿನ ಪುರಾತನ ಕಲ್ಲುಗಳನ್ನು ಮೊದಲು ಗಮನವಿಟ್ಟು ನೋಡಿ, ಅಳೆದು, ಚಿತ್ರ ಬರೆದು ಪ್ರಕಟಿಸಿದವನು ಅವನು. ರಾಜನಕೋಳೂರಿನಲ್ಲಿರುವವನ್ನು ಮೋರೇರ ಮನೆ ಎನ್ನುತ್ತಾರೆ. ಆಳೆತ್ತರದ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಭಾರಿ ಚಪ್ಪಡಿ ಹೊದಿಸಿದ್ದಾರೆ. ಕೆಲವದರ ಮುಂಗಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದಿದೆ. ಗಿಡ್ಡ ಜನ ಇದರಲ್ಲಿ ಸಂಸಾರ ಮಾಡಿಕೊಂಡಿದ್ದರಂತೆ ಎಂಬುದು ಹಳೆಯ ಮಾತು. ನಿಜಕ್ಕೆ ಇವು ಕಬ್ಬಿಣ ಯುಗದವರು ಸತ್ತವರಿಗಾಗಿ ಕಟ್ಟಿದ ಗೋರಿಗಳು. ಶಹಾಪುರದ ಬಳಿಯ ವಿಭೂತಿಹಳ್ಳಿಯದು ಇನ್ನೂ ದೊಡ್ಡ ಕೌತುಕ. ಬಯಲಿನಲ್ಲಿ ಗುಂಡುಬಂಡೆಗಳನ್ನು ಸಾಲುಸಾಲಾಗಿ, ಸಮನಾದ ಅಂತರದಲ್ಲಿ ಜೋಡಿಸಿದ್ದಾರೆ. ಗುಡ್ಡದಿಂದ ಉರುಳಿ ಬಂದ ಕಲ್ಲು ಹೀಗೆ ಸಾಲಿಗೆ ನಿಲ್ಲುವುದಿಲ್ಲ. ಯಾಕೆ ಜೋಡಿಸಿದರು ಎಂದು ಇವತ್ತಿಗೂ ವಾದ ನಡೆದಿದೆ. ಬ್ರಿಟನ್ನಿನ ಹಳೆಯ ಕಲ್ಲುಗೋರಿಗಳಿಗೂ ಇವಕ್ಕೂ ಇರುವ ಹೋಲಿಕೆ ಕಂಡು ಟೇಲರ್ ಬೆರಗಾಗಿದ್ದ. ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ಇಂಥ ನಾಲ್ಕು ಕಲ್ಲು ನಿಂತಿದ್ದರೆ ಊರ ಚರಿತ್ರೆ ಬರೆಯುವವರು ಅಲ್ಲಿಂದಲೇ ಮೊದಲು ಮಾಡುತ್ತಾರೆ. ನಾವೂ ಹಾಗೆ ಮಾಡಬೇಕು. ಶಹಾಪುರಕ್ಕೆ ಬಂದವರು ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಫೋಟೋ ತೆಗೆದುಕೊಂಡು ಹಾಗೇ ಹೋಗಿಬಿಡುತ್ತಾರೆ. ವಿಭೂತಿಹಳ್ಳಿಗೂ ಒಂದು ಗಳಿಗೆ ಇಳಿಯಲಿ.

ಟೇಲರ್‌ನ ಕಣ್ಣಿಗೂ ಬೀಳದೆ ಉಳಿದದ್ದು ಬಹಳವಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಈ ಸೀಮೆಯಲ್ಲಿ ದಶಕಗಟ್ಟಲೆ ತಿರುಗಿದರು. ಬೂದಿಹಾಳದ ಬೂದಿ ದಿಬ್ಬವನ್ನು ಅಗೆದು, ಅದು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ರಾಶಿ ಎಂದು ತೋರಿಸಿದರು. ದಿಬ್ಬದ ಪಕ್ಕದಲ್ಲಿ ಆ ದನಗಾಹಿಗಳು ವಾಸವಿದ್ದ ನೆಲೆಯೂ ಸಿಕ್ಕಿತು. ಹುಣಸಗಿ ಕಡೆಯ ಇಸಾಂಪುರದಲ್ಲಿ ದೊರೆತದ್ದು ಕಲ್ಲಿನ ಆಯುಧ ತಯಾರಾಗುತ್ತಿದ್ದ ಜಾಗ. ಸುಣ್ಣಕಲ್ಲಿನ ಹಾಸನ್ನು ಅಲ್ಲೇ ಎಬ್ಬಿಸಿ, ಅಲ್ಲೇ ಒಡೆದು ಕೈಗೊಡಲಿ ಮಾಡಿದ್ದಾರೆ. ಅರ್ಧಕ್ಕೆ ಬಿಟ್ಟವು, ಸಿಡಿದ ಚಕ್ಕೆಗಳು, ಹೊಡೆಯಲು ಬಳಸಿದ ಗುಂಡುಗಲ್ಲು ಎಲ್ಲ ಇದ್ದಲ್ಲೇ ಇದ್ದವು. ಸುಮಾರು 12 ಲಕ್ಷ ವರ್ಷ ಹಳೆಯದು, ಭಾರತದ ಅತಿ ಹಳೆಯ ಮಾನವ ನೆಲೆಗಳಲ್ಲಿ ಒಂದು. ಅದು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ, ನೀರಾವರಿ ಕೆಲಸಕ್ಕೆಂದು ಮೇಲಿನ ಕರಿಮಣ್ಣನ್ನು ತೋಡಿ ಸಾಗಿಸಿದಾಗ.